ಚೆನ್ನಿಗೆ ಗೊತ್ತಿಲ್ಲದ್ದು

ನಾಲ್ಕನೇ ಸಲ ಬರೆಯುತ್ತಿದ್ದೇನೆ. ಮಕ್ಕಳ ಕಾದಂಬರಿ ಅಂದರೆ ನೂರು ಪುಟ, ಒಂದು ಬೇಸಿಗೆ ರಜೆಯಲ್ಲಿ ಮುಗಿದುಹೋಗುತ್ತದೆ ಅಂದುಕೊಂಡಿದ್ದೆ. ಮೂರು ವರ್ಷ ಆಯಿತು. ಮನೆಯಲ್ಲಿ ಈಗ "ಚೆನ್ನಿ ಹೇಗಿದ್ದಾಳೆ?" ಅಂತ ನೆಂಟರ ಮನೆ ಹುಡುಗಿಯನ್ನು ವಿಚಾರಿಸಿದ ಹಾಗೆ ಕೇಳುತ್ತಾರೆ.

ಚೆನ್ನಿ ನನ್ನ ಕಥೆಯ ಹುಡುಗಿ. ಹತ್ತು ವರ್ಷ. 1898ನೇ ಇಸವಿ, ಬೆಂಗಳೂರು ಪೇಟೆಯ ತರಗುಪೇಟೆ. ಅಪ್ಪ ಎತ್ತಿನ ಗಾಡಿ ಹೊಡೆಯುತ್ತಾನೆ, ಮಂಡಿಗಳಿಗೆ ರಾಗಿ ಮೂಟೆ ತಂದು ಹಾಕುತ್ತಾನೆ. ಅಮ್ಮ ಇಲ್ಲ. ಅಜ್ಜಿ ಇದ್ದಾಳೆ, ಮುದ್ದ ಅನ್ನುವ ತಮ್ಮ ಇದ್ದಾನೆ. ಆ ವರ್ಷ ಆಗಸ್ಟಿನಲ್ಲಿ ಊರಿಗೆ ಪ್ಲೇಗು ಬರುತ್ತದೆ. ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ತರಗುಪೇಟೆಯನ್ನೇ ಯಾಕೆ ಆರಿಸಿಕೊಂಡೆ ಅಂದರೆ ಅದು ಕಾಳಿನ ಪೇಟೆ. ಕಾಳು ಇದ್ದ ಕಡೆ ಇಲಿ ಇರುತ್ತದೆ.

ಮೊದಲ ಸಲ ಬರೆದಾಗ ಚೆನ್ನಿ ಭಾರಿ ಜಾಣೆ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಅಂತ ಅವಳೇ ಕಂಡುಹಿಡಿಯುತ್ತಾಳೆ. ಬೀದಿಯವರನ್ನೆಲ್ಲ ಸೇರಿಸಿ, ಎಲ್ಲರೂ ಸೂಜಿ ಚುಚ್ಚಿಸಿಕೊಳ್ಳಿ ಅಂತ ಭಾಷಣ ಮಾಡುತ್ತಾಳೆ. ಕೊನೆಗೆ ದಿವಾನ್ ಶೇಷಾದ್ರಿ ಅಯ್ಯರ್ ಅವರೇ ಬಂದು ಬೆನ್ನು ತಟ್ಟುತ್ತಾರೆ. ಬರೆದು ಮುಗಿಸಿದ ದಿನ ನನ್ನ ಬೆನ್ನನ್ನೂ ನಾನೇ ತಟ್ಟಿಕೊಂಡಿದ್ದೆ.

ನಮ್ಮ ಮಹಡಿ ಮನೆಯ ಹುಡುಗಿ ಐದನೇ ಕ್ಲಾಸು. ಅವಳಿಗೆ ಓದಲು ಕೊಟ್ಟೆ. ಎರಡು ದಿನ ಬಿಟ್ಟು ಹಾಳೆಗಳನ್ನು ವಾಪಸ್ ತಂದಳು. "ಚೆನ್ನಾಗಿದೆ ಆಂಟಿ" ಅಂದಳು, ದೊಡ್ಡವರು ಹೇಳ್ತಾರಲ್ಲ, ಹಾಗೆ. ಆಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ, "ಅವಳಿಗೆ ಅದು ಹೇಗೆ ಗೊತ್ತಾಯ್ತು? ಡಾಕ್ಟರ್‌ಗೇ ಗೊತ್ತಿಲ್ಲ ಅಂತ ನೀವೇ ಬರ್ದಿದೀರಲ್ಲ" ಅಂದಳು.

ನಿಜ. ಪ್ಲೇಗಿನ ರೋಗಾಣು ಸಿಕ್ಕಿದ್ದು 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಆದರೆ ಅದು ಇಲಿಯಿಂದ ಮನುಷ್ಯನಿಗೆ ದಾಟುವುದು ಹೇಗೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಚಿಗಟದ ಕೈವಾಡವನ್ನು ಫ್ರೆಂಚ್ ವೈದ್ಯ ಪೌಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ಪತ್ತೆ ಹಚ್ಚಿದ್ದು 1898ರ ಜೂನ್‌ನಲ್ಲಿ. ಅಂದರೆ ಚೆನ್ನಿಯ ಬೀದಿಯಲ್ಲಿ ಇಲಿ ಸತ್ತು ಬೀಳುವುದಕ್ಕೆ ಸ್ವಲ್ಪ ಮುಂಚೆ. ಅವನ ಮಾತನ್ನು ಆಗಿನ ವೈದ್ಯರು ಹೆಚ್ಚಿನವರು ಒಪ್ಪಲೇ ಇಲ್ಲ. ಒಪ್ಪಲು ವರ್ಷಗಳೇ ಬೇಕಾದವು. ದೊಡ್ಡ ದೊಡ್ಡ ಡಾಕ್ಟರುಗಳು ನಂಬದ್ದನ್ನು ತರಗುಪೇಟೆಯ ಗಾಡಿಯವನ ಮಗಳು ಮೂರನೇ ಅಧ್ಯಾಯದಲ್ಲೇ ಹೇಳಿಬಿಟ್ಟಿದ್ದಳು. ಇದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಬರೆದೇ ಇತ್ತು. ಆದರೂ ಕಣ್ಣಿಗೆ ಬಿದ್ದಿರಲಿಲ್ಲ. ಯಾಕೆಂದರೆ ಅಲ್ಲಿ ಮಾತಾಡುತ್ತಿದ್ದವಳು ನಾನು. ಚೆನ್ನಿ ಸುಮ್ನೆ ಬಾಯಿ ಆಡಿಸುತ್ತಿದ್ದಳು.

ಕಥೆಗಾರರು "ಪಾತ್ರಗಳು ತಾವೇ ಬಂದು ಮಾತಾಡುತ್ತವೆ" ಅಂತ ಹೇಳುವುದನ್ನು ಕೇಳಿದರೆ ನನಗೆ ನಗು ಬರುತ್ತದೆ. ನನ್ನ ಹತ್ತಿರ ಇವತ್ತಿನವರೆಗೆ ಯಾವ ಪಾತ್ರವೂ ಬಂದು ಮಾತಾಡಿಲ್ಲ. ಮೈಮೇಲೆ ಬರುವ ವ್ಯವಹಾರ ಅಲ್ಲ ಇದು. ನಾನು ಮಾಡುವುದು ಬಹಳ ಸಾದಾ ಕೆಲಸ. ಪ್ರತಿ ಪುಟದಲ್ಲೂ ಚೆನ್ನಿ ಎಲ್ಲಿ ನಿಂತಿದ್ದಾಳೆ, ಅಲ್ಲಿಂದ ಅವಳಿಗೆ ಏನು ಕಾಣುತ್ತದೆ, ಏನು ಕೇಳಿಸುತ್ತದೆ, ಯಾರಿಗೆ ಹೆದರುತ್ತಾಳೆ ಅಂತ ಕೇಳಿಕೊಳ್ಳುವುದು. ಅವಳಿಗೆ ಕಾಣದೆ ನನಗೆ ಮಾತ್ರ ಕಾಣುವುದೆಲ್ಲ ಹೊರಗೆ. ಎಷ್ಟೇ ಕಷ್ಟಪಟ್ಟು ಹುಡುಕಿದ್ದಾಗಿರಲಿ.

ಹೀಗೆ ಹೋದದ್ದು ಸ್ವಲ್ಪ ಅಲ್ಲ. ಪ್ಲೇಗಿನ ಕಟ್ಟುಪಾಡುಗಳ ಸಿಟ್ಟಿಗೆ ಪುಣೆಯಲ್ಲಿ 1897ರಲ್ಲಿ ಚಾಪೇಕರ್ ಸಹೋದರರು ರ‍್ಯಾಂಡ್ ಎಂಬ ಅಧಿಕಾರಿಯನ್ನು ಕೊಂದರು. ಅದನ್ನು ಒಬ್ಬ ಮೇಷ್ಟ್ರ ಬಾಯಲ್ಲಿ ಎರಡು ಪುಟ ಹೇಳಿಸಿದ್ದೆ. ಹಾಫ್‌ಕಿನ್ ತಾನು ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಮುಂಬೈಯಲ್ಲಿ ಮೊದಲು ತನಗೇ ಚುಚ್ಚಿಕೊಂಡು ನೋಡಿದ. ಅದೂ ಇತ್ತು. ಎರಡೂ ಒಳ್ಳೆಯ ಕಥೆಗಳೇ. ಆದರೆ ಚೆನ್ನಿಗೆ ಮೇಷ್ಟ್ರೇ ಇಲ್ಲವಲ್ಲ! ಅವಳು ಸ್ಕೂಲಿಗೇ ಹೋಗಿಲ್ಲ.

ಇದು ಹೊಳೆದಾಗ ಇನ್ನೊಂದು ಕಂತು ಕುಸಿಯಿತು. ಗೋಡೆಗೆ ಅಂಟಿಸಿದ ಸರ್ಕಾರಿ ನೋಟೀಸನ್ನು ಚೆನ್ನಿ ಓದುತ್ತಾಳೆ, ಅಲ್ಲಿಂದ ಕಥೆ ತಿರುಗುತ್ತದೆ ಅಂತ ಬರೆದಿದ್ದೆ. 1898ರಲ್ಲಿ ಗಾಡಿ ಹೊಡೆಯುವವನ ಮಗಳು ಓದುವುದು ಎಲ್ಲಿಂದ? ಓದು ಬಾರದಿದ್ದರೆ ವಿಷಯ ತಿಳಿಯುವುದು ಹೇಗೆ? ಒಂದು ವಾರ ತಲೆ ಕೆರೆದುಕೊಂಡೆ. ಆಮೇಲೆ ಡಂಗುರ ನೆನಪಾಯಿತು. ಬೀದಿಯ ತುದಿಯಲ್ಲಿ ತಮಟೆ ಹೊಡೆದು ಸಾರುತ್ತಾನೆ. "ಇಲಿ ಬಿದ್ದ ಮನೆಯವರು ಕೂಡಲೇ ಬಂದು ತಿಳಿಸತಕ್ಕದ್ದೂ... ಇಲ್ಲದೆ ಹೋದರೇ..." ಅಷ್ಟರಲ್ಲಿ ಮೂಟೆ ತುಂಬಿದ ಗಾಡಿಯೊಂದು ಗಡಗಡ ಅಂತ ನಡುವೆ ಹಾದುಹೋಗುತ್ತದೆ. ಚೆನ್ನಿಗೆ ಕೇಳಿಸಿದ್ದು "ಇಲ್ಲದೆ ಹೋದರೆ" ಅನ್ನುವವರೆಗೆ ಮಾತ್ರ. ಇಲ್ಲದೆ ಹೋದರೆ ಏನು? ಜೈಲಾ? ಅಪ್ಪನ ಎತ್ತು ಎಳೆದುಕೊಂಡು ಹೋಗುತ್ತಾರಾ? ಮುಂದಿನ ಎರಡು ಅಧ್ಯಾಯ ಆ ಹುಡುಗಿ ಈ ಅರ್ಧ ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡುತ್ತಾಳೆ. ನೋಟೀಸು ಓದಿದ್ದರೆ ಈ ಹೆದರಿಕೆ ಅರ್ಧ ಪುಟಕ್ಕೆ ಮುಗಿದುಹೋಗುತ್ತಿತ್ತು.

ಅಜ್ಜಿಯ ವಿಷಯದಲ್ಲಿ ಮಾತ್ರ ನನಗೆ ಈಗಲೂ ನಾಚಿಕೆ. ಮೊದಲ ಕರಡಿನಲ್ಲಿ ಅವಳು ಮೂಢನಂಬಿಕೆಯ ಮುದುಕಿ. ಮನೆಯ ಅಟ್ಟದಿಂದ ಇಲಿ ಬೀಳುತ್ತದೆ, ಅದನ್ನು ಯಾರಿಗೂ ಹೇಳದೆ ಮುಚ್ಚಿಡುತ್ತಾಳೆ. ಚೆನ್ನಿ ಅವಳಿಗೆ ಬುದ್ಧಿ ಹೇಳುತ್ತಾಳೆ. ಮಕ್ಕಳ ಪುಸ್ತಕಗಳಲ್ಲಿ ಅಜ್ಜಿಯರಿಗೆ ಮೊಮ್ಮಕ್ಕಳು ಬುದ್ಧಿ ಹೇಳುವುದು ಈಗ ಜಾಸ್ತಿಯಾಗಿದೆ, ಗಮನಿಸಿದ್ದೀರಾ?

ಎರಡನೇ ಸಲ ಬರೆಯುವಾಗ ಅಜ್ಜಿಯ ಜಾಗದಲ್ಲಿ ನಿಂತು ನೋಡಿದೆ. ಇಲಿ ಬಿದ್ದದ್ದು ಗೊತ್ತಾದರೆ ಏನಾಗುತ್ತದೆ? ಮನೆ ಖಾಲಿ ಮಾಡಿಸುತ್ತಾರೆ. ಪಾತ್ರೆ ಪಡಗ ಬೀದಿಗೆ. ಸೂರಿನ ಹೆಂಚು ತೆಗೆದು ಒಳಗೆ ಬಿಸಿಲು ಬೀಳಿಸುತ್ತಾರೆ. ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿರಬೇಕು. ಮೈಯಲ್ಲಿ ಗಡ್ಡೆ ಎದ್ದಿದೆಯಾ ಅಂತ ಗುರುತಿಲ್ಲದ ಗಂಡಸು ಮುಟ್ಟಿ ನೋಡುತ್ತಾನೆ. ಮಗ ಗಾಡಿ ಕಟ್ಟಿಕೊಂಡು ಊರ ಮೇಲೆ ಹೋಗಿದ್ದಾನೆ, ಬರುವುದು ನಾಲ್ಕು ದಿನ. ಮನೆಯಲ್ಲಿ ಎರಡು ಮಕ್ಕಳು. ಈ ಮುದುಕಿ ಇಲಿಯನ್ನು ಮುಚ್ಚಿಡದೆ ಇನ್ನೇನು ಮಾಡುತ್ತಾಳೆ? ನಾನಾಗಿದ್ದರೂ ಮುಚ್ಚಿಡುತ್ತಿದ್ದೆ.

ಅಲ್ಲಿಂದ ಕಥೆ ಅಜ್ಜಿಯ ಕಡೆ ಜರುಗಿತು. ಅವಳ ಮಾತುಗಳೂ ಸಿಕ್ಕವು. ಆಗ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಊರಿಗೆ ಬರಲು ಶುರುವಾಗಿ ಇನ್ನೂ ಕೆಲವೇ ವರ್ಷ. ಹಳೆಯ ಕರಡಿನಲ್ಲಿ ಇದಕ್ಕೊಂದು ಇಡೀ ಪ್ಯಾರಾ ಇತ್ತು, ಅರ್ಕಾವತಿ ನದಿ, ಉಗಿ ಯಂತ್ರ ಎಲ್ಲ ಸೇರಿಸಿ. ಈಗ ಒಂದೇ ಸಾಲು. ಅಜ್ಜಿ ಕೊಳಾಯಿ ನೀರು ಕುಡಿದು, "ಕಬ್ಬಿಣದೊಳಗೆ ಮಲಗಿ ಎದ್ದು ಬಂದ ನೀರು, ಇದರಲ್ಲಿ ಜೀವ ಎಲ್ಲಿದೆ?" ಅನ್ನುತ್ತಾಳೆ.

ಹಾಗಂತ ಎಲ್ಲವನ್ನೂ ಪಾತ್ರದ ಕೈಗೆ ಕೊಟ್ಟು ಕೂತರೆ ಆಗುವುದಿಲ್ಲ. ಚೆನ್ನಿ ಒಂದು ರಾತ್ರಿ ಮನೆಯಿಂದ ಹೊರಗೆ ಹೋಗಬೇಕು, ಕಥೆಗೆ ಅದು ಬೇಕು. ನನ್ನ ಕರಡಿನಲ್ಲಿ ಅವಳು ವಿದ್ಯುತ್ ದೀಪದ ಕಂಬದ ಕೆಳಗೆ ನಿಂತಿದ್ದಳು. ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ. ಏಳು ವರ್ಷ ಮುಂಚೆಯೇ ಚೆನ್ನಿಗೆ ಕಂಬ ನೆಟ್ಟುಬಿಟ್ಟಿದ್ದೆ. ಇಂಥ ಕಡೆ ಅವಳ ಹಟ ನಡೆಯುವುದಿಲ್ಲ, ನನ್ನದೂ ನಡೆಯುವುದಿಲ್ಲ. ಈಗ ಅವಳ ಕೈಯಲ್ಲಿ ಸೀಮೆಎಣ್ಣೆ ಬುಡ್ಡಿ ಇದೆ. ಗಾಳಿಗೆ ಆರದ ಹಾಗೆ ಸೆರಗು ಅಡ್ಡ ಹಿಡಿದುಕೊಂಡು ಹೋಗಬೇಕು, ಹಾಗಾಗಿ ಓಡುವ ಹಾಗಿಲ್ಲ. ನಾನು ಓಡಿಸಿದ್ದೆ.

ಮಹಾರಾಜರ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಗ 14 ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿ ರಾಜ್ಯ ನೋಡಿಕೊಳ್ಳುತ್ತಿದ್ದರು. ಹುಡುಗ ಮಹಾರಾಜ, ಹುಡುಗಿ ಚೆನ್ನಿ, ಇಬ್ಬರನ್ನೂ ಒಂದು ಸಲ ಎದುರುಬದುರು ನಿಲ್ಲಿಸಿದರೆ? ಯಾವ ಬರಹಗಾರರಿಗೆ ಆಸೆ ಆಗುವುದಿಲ್ಲ ಹೇಳಿ. ಬರೆದೂ ಇದ್ದೆ. ಹರಿದು ಹಾಕಿದೆ. ಅದರ ಬದಲು ಬಂದದ್ದು ಮುದ್ದನ ಪ್ರಶ್ನೆ. ನಮ್ಮ ಮಹಾರಾಜರು ಇನ್ನೂ ಚಿಕ್ಕವರು, ಅವರಮ್ಮನೇ ರಾಜ್ಯ ಆಳುತ್ತಿದ್ದಾರೆ ಅಂತ ಮಂಡಿಯಲ್ಲಿ ಯಾರೋ ಹೇಳಿದ್ದನ್ನು ಕೇಳಿಸಿಕೊಂಡಿದ್ದಾನೆ. ಅಂಗೈಯಲ್ಲಿದ್ದ ಕಾಸನ್ನು ತಿರುಗಿಸಿ ನೋಡಿ, ಅದರ ಮೇಲಿನ ವಿಕ್ಟೋರಿಯಾ ರಾಣಿಯ ಮುಖ ತೋರಿಸಿ, "ಅಕ್ಕ, ಇವರೇನಾ ಅವರಮ್ಮ?" ಅನ್ನುತ್ತಾನೆ. ಚೆನ್ನಿ "ಹೂಂ" ಅನ್ನುತ್ತಾಳೆ. ಅವಳಿಗೂ ಗೊತ್ತಿಲ್ಲ. ಅದನ್ನು ನಾನು ತಿದ್ದಿಲ್ಲ.

ಭಾಷೆಯಲ್ಲೂ ಇದೇ ಪಾಡು. ಒಂದು ಕಡೆ ಚೆನ್ನಿ ಅಜ್ಜಿಗೆ "ಸಾಮಾಜಿಕ ಅಂತರ" ಅಂದಿದ್ದಳು! 2020ರ ಗುಂಗಿನಲ್ಲಿ ನಾನು ಬರೆದದ್ದು. ಈಗಿನ ಮಕ್ಕಳು ಲಾಕ್‌ಡೌನ್ ಕಂಡವರು, ಕಥೆ ಬೇಗ ತಟ್ಟುತ್ತದೆ ಅನ್ನುವ ಲೆಕ್ಕಾಚಾರ. ಮಹಡಿ ಹುಡುಗಿಗೆ ಆಗ ನಾಲ್ಕು ವರ್ಷ. ಅವಳಿಗೆ ನೆನಪಿರುವುದು ಅಪ್ಪ ಮನೆಯಲ್ಲೇ ಇದ್ದು ದಿನಾ ಕೇರಂ ಆಡಿಸಿದ್ದು.

ಕಿಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ, ಚೆನ್ನಿಯ ಕಾಲಕ್ಕೆ ಸರಿಯಾಗಿ. ಅನುಮಾನ ಬಂದಾಗಲೆಲ್ಲ ಅದನ್ನು ತೆಗೆದು ನೋಡುತ್ತೇನೆ. ಆದರೆ ಹಳೆಯ ಮಾತು ಸಿಕ್ಕಿತು ಅಂತ ಕಂಡ ಕಂಡಲ್ಲಿ ಸುರಿದರೆ ಮಕ್ಕಳು ಪುಸ್ತಕ ಮುಚ್ಚುತ್ತಾರೆ. ಹರದಾರಿ ಅಂದರೆ ಮೂರು ಮೈಲಿ ಅಂತ ಅಡಿಟಿಪ್ಪಣಿ ಹಾಕಿದ್ದೆ, ತೆಗೆದೆ. "ಇನ್ನೊಂದು ಹರದಾರಿ" ಅಂತ ಅಪ್ಪ ಹೇಳಿದಾಗ ಮುದ್ದ ರಸ್ತೆಯಲ್ಲೇ ಕುಕ್ಕರಿಸಿ ಕೂತುಬಿಡುತ್ತಾನೆ. ದೂರ ಎಷ್ಟು ಅಂತ ಓದುವ ಮಗುವಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.

ಕಳೆದ ಕಾರ್ತಿಕದಲ್ಲಿ ಒಂದು ಭಾನುವಾರ ಬೆಳಿಗ್ಗೆ ತರಗುಪೇಟೆಯಿಂದ ಬಸವನಗುಡಿಯವರೆಗೆ ನಡೆದೆ. ನಾನಿರುವುದು ಬಸವನಗುಡಿಯಲ್ಲೇ. ನಮ್ಮ ಬಡಾವಣೆಯೂ ಮಲ್ಲೇಶ್ವರವೂ ಬೆಳೆದದ್ದಕ್ಕೆ ಆ ಪ್ಲೇಗೇ ದೊಡ್ಡ ಕಾರಣ. ಅಗಲ ರಸ್ತೆ, ಗಾಳಿ ಬೆಳಕು, ಸಾಲು ಮರ ಅಂತ ಇದರ ಬಗ್ಗೆ ಮೂರು ಪುಟ ಬರೆದಿದ್ದೆ, ನನಗೆ ಬಹಳ ಇಷ್ಟದ ಮೂರು ಪುಟ. ನಡೆಯುತ್ತಾ ಅನ್ನಿಸಿತು, ಚೆನ್ನಿಗೆ ಇದು ಬಡಾವಣೆಯೇ ಅಲ್ಲ. ಅವಳಿಗೆ ಇದು ಬಸವಣ್ಣನ ಗುಡಿ, ವರ್ಷಕ್ಕೊಮ್ಮೆ ಕಡಲೆಕಾಯಿ ಪರಿಷೆ ನಡೆಯುವ ಜಾಗ. ಇಲ್ಲಿ ಸೈಟು ಸಿಗುವುದು ಅವಳ ಅಪ್ಪನಂಥವರಿಗಲ್ಲ. ಅವಳು ಕಾಣುವುದು ಬಯಲಿನಲ್ಲಿ ಸರಪಳಿ ಎಳೆದು ನೆಲ ಅಳೆಯುವವರನ್ನು. ಆ ಸರಪಳಿ ಆನೆ ಕಟ್ಟಲಿಕ್ಕೆ ಅಂತ ಮುದ್ದ ನಂಬಿದ್ದಾನೆ. ಚೆನ್ನಿಯ ಚಿಂತೆ ಒಂದೇ, ಈ ಸಲ ಪರಿಷೆ ಇರುತ್ತೋ ಇಲ್ಲವೋ. ಮೂರು ಪುಟ ಹೋಗಿ ಆರು ಸಾಲು ಉಳಿಯಿತು. ಸಂಕಟ ಆಯಿತು, ಆಗಲಿಲ್ಲ ಅಂದರೆ ಸುಳ್ಳು.

ಒಬ್ಬ ಪ್ರಕಾಶಕರಿಗೆ ಮೂರನೇ ಕರಡು ಕಳಿಸಿದ್ದೆ. ಒಳ್ಳೆಯ ಮಾತಿನಲ್ಲೇ ಹೇಳಿದರು, "ಹುಡುಗಿ ಇನ್ನೂ ಧೈರ್ಯವಂತೆ ಆಗಬೇಕು ಮೇಡಂ, ಈಗಿನ ಹೆಣ್ಣುಮಕ್ಕಳಿಗೆ ಮಾದರಿ ಆಗೋ ಥರ. ಮತ್ತೆ ಸಾವು ಬೇಡ." ಇದಕ್ಕೆ ನನ್ನ ತಕರಾರು ಇದೆ. ಚೆನ್ನಿಗೆ ಧೈರ್ಯ ಇಲ್ಲ ಅಂತ ಯಾರು ಹೇಳಿದರು? ಅಜ್ಜಿ ಮುಚ್ಚಿಟ್ಟದ್ದು ಗೊತ್ತಿದ್ದೂ ಬಾಯಿ ಬಿಡದೆ ನಾಲ್ಕು ದಿನ ತಮ್ಮನನ್ನು ಅಟ್ಟದ ಹತ್ತಿರ ಬಿಡದೆ ಕಾಯುತ್ತಾಳಲ್ಲ, ಅದು ಏನು? ಈಗಿನ ಹುಡುಗಿಗೆ ಹಳೆಯ ಕಾಲದ ಲಂಗ ತೊಡಿಸಿ ಭಾಷಣ ಮಾಡಿಸಿದರೆ ಅದು ಸ್ಕೂಲ್ ಡೇ ನಾಟಕ ಆಗುತ್ತದೆ. ಆ ಕಾಲದ ಹುಡುಗಿ ಆ ಕಾಲದ ತಪ್ಪುಗಳನ್ನೇ ಮಾಡಲಿ. ಮಕ್ಕಳು ದಡ್ಡರಲ್ಲ, ಅದು ತಪ್ಪು ಅಂತ ಅವರಿಗೆ ತಿಳಿಯುತ್ತದೆ.

ಸಾವಿನ ಮಾತು ಮಾತ್ರ ತಲೆಯಲ್ಲಿ ಉಳಿದುಕೊಂಡಿತು. ಅವರು ಹೇಳುವ ಮುಂಚೆಯೇ ನಾನು ಯಾರನ್ನೂ ಸಾಯಿಸಿರಲಿಲ್ಲ. ಮಹಡಿ ಹುಡುಗಿ ಅದನ್ನೂ ಹಿಡಿದಿದ್ದಳು. "ಪ್ಲೇಗಿನ ಕಥೇಲಿ ಬರೀ ಇಲಿಗಳೇ ಸಾಯ್ತಾವಲ್ಲ ಆಂಟಿ."

ಈಗ ಆರನೇ ಅಧ್ಯಾಯದಲ್ಲಿ ಇದ್ದೇನೆ. ಅಜ್ಜಿ ಇಲಿಯ ಬಾಲ ಹಿಡಿದು ಎತ್ತಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಮಡಿಲಲ್ಲಿ ಕಟ್ಟಿಕೊಂಡು ಹಿತ್ತಲಿಗೆ ಹೋಗುತ್ತಾಳೆ. ಗುಂಡಿ ತೋಡಿ ಹೂಳುತ್ತಾಳೆ. ಕೈಕಾಲು ತೊಳೆದು ಒಳಗೆ ಬಂದು ರಾಗಿ ಬೀಸಲು ಕೂರುತ್ತಾಳೆ. ಬೀಸುತ್ತಾ ಬೀಸುತ್ತಾ ಎರಡು ಸಲ ಕಾಲು ಕೆರೆದುಕೊಳ್ಳುತ್ತಾಳೆ. ಚೆನ್ನಿ ಅದನ್ನು ನೋಡುತ್ತಾಳೆ, ಏನೂ ಅನ್ನಿಸುವುದಿಲ್ಲ ಅವಳಿಗೆ. ಚಿಗಟ ಅನ್ನುವ ಪದ ಈ ಕರಡಿನಲ್ಲಿ ಒಂದು ಕಡೆಯೂ ಇಲ್ಲ.

ಮೊನ್ನೆ ಅಷ್ಟರವರೆಗೆ ಓದಲು ಕೊಟ್ಟಿದ್ದೆ. ಹುಡುಗಿ ಸೋಫಾದ ಮೇಲೆ ಕಾಲು ಮಡಚಿ ಕೂತು ಓದುತ್ತಿದ್ದಳು. ಆ ಸಾಲಿಗೆ ಬಂದಾಗ ನಿಲ್ಲಿಸಿದಳು. ಹಿಂದಿನ ಪುಟಕ್ಕೆ ಹೋದಳು, ಮತ್ತೆ ಬಂದಳು.

"ಆಂಟಿ, ಅಜ್ಜಿ ಯಾಕೆ ಕಾಲು ಕೆರ್ಕೊಂಡ್ರು?"

ನಾನು ಏನೂ ಹೇಳಲಿಲ್ಲ. ಮುಂದಿನ ಹಾಳೆ ಎಲ್ಲಿ ಅಂತ ಟೇಬಲ್ ಮೇಲೆಲ್ಲ ಹುಡುಕಿದಳು. ಅದನ್ನು ನಾನು ಇನ್ನೂ ಬರೆದಿಲ್ಲ.