ಪ್ಲಗ್ ಕೀಳುವ ಹೊತ್ತು

ದಸರಾ ರಜೆ ಮುಗಿದ ಮೇಲೆ ಉಡುಪಿಯಲ್ಲಿ ಸಂಜೆ ಮೂಡು ದಿಕ್ಕು ಕಪ್ಪಾದರೆ ಸಾಕು, ನನ್ನ ಕೈ ಮೋಡೆಮ್‌ನ ಪ್ಲಗ್ಗಿಗೆ ಹೋಗುತ್ತದೆ. ಮೊನ್ನೆ ಮಗಳು ಒಳಗಿನಿಂದಲೇ ಕಿರುಚಿದಳು. "ಅಪ್ಪಾ, ಯಾಕೆ ತೆಗೆದದ್ದು? ಫೈಬರ್ ಅಂದ್ರೆ ಗಾಜಿನ ಎಳೆ. ಅದ್ರಲ್ಲಿ ಸಿಡಿಲು ಬರುವುದಿಲ್ಲ."

"ಎಳೆ ಗಾಜಿನದ್ದೇ ಮಾರಾಯ್ತಿ. ಅಡಾಪ್ಟರ್ ಗಾಜಿನದ್ದಾ?"

ಉತ್ತರ ಬರಲಿಲ್ಲ. ಫೋನ್ ಬಂತು, ಅದರಲ್ಲಿ ದಾಮಿನಿ ಆ್ಯಪ್. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ್ದು. ಸುತ್ತಲಿನ 20 ಮತ್ತು 40 ಕಿಲೋಮೀಟರಿನೊಳಗೆ ಎಲ್ಲಿ ಸಿಡಿಲು ಬಿತ್ತು ಅಂತ ತೋರಿಸುತ್ತದೆ. ಒಳ್ಳೆಯದೇ. ಆದರೆ ಮಿಂಚಿನಿಂದ ಗುಡುಗಿನವರೆಗೆ ಎಣಿಸು, 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ಅಂದರೆ ಅವಳಿಗೆ ನಗು. ನನ್ನ ಲೆಕ್ಕಕ್ಕೆ ನೆಟ್ ಬೇಡ ಅಲ್ವಾ?

ಅವಳಿಗೆ ಬೇಕು. ಟೀಚರುಗಳ ಹೋಮ್‌ವರ್ಕ್ ವಾಟ್ಸಾಪಿಗೆ ಬೀಳುವುದು ಸರೀ ಗುಡುಗುವ ಹೊತ್ತಿಗೇ. ಮಕ್ಕಳ ಕೈಗೆ ಫೋನ್ ಕೊಡಬೇಡಿ ಅಂತ ಮೀಟಿಂಗಿನಲ್ಲಿ ನಮಗೆ ಭಾಷಣ ಮಾಡುವವರೂ ಅವರೇ!

ನನ್ನ ಅಪ್ಪ ಇಂಥ ವಾದಕ್ಕೆಲ್ಲ ನಿಲ್ಲುತ್ತಿರಲಿಲ್ಲ. ಆಗ ಮಾಡಿನ ಮೇಲೆ ಆಂಟೆನಾ. ಗುಡುಗಿದ ಕೂಡಲೇ ಟೀವಿ ಹಿಂದಿನ ಚಪ್ಪಟೆ ವಯರ್ ಕಿತ್ತು, ತುದಿಯನ್ನು ಉಪ್ಪಿನಕಾಯಿಯ ಗಾಜಿನ ಬಾಟ್ಲಿಯೊಳಗೆ ಇಳಿಸಿ, ಬಾಟ್ಲಿಯನ್ನು ಕಿಟಕಿಯ ಹೊರಗೆ ಇಡುತ್ತಿದ್ದರು. ಸಿಡಿಲು ಬಂದರೆ ಅದರಲ್ಲೇ ಕೂತಿರಲಿ ಅಂತ. ಅಮ್ಮನಿಗೆ ಬಾಟ್ಲಿಯದ್ದೇ ಚಿಂತೆ. ಭಾನುವಾರದ ಸಿನಿಮಾಕ್ಕೆ ನೆರೆಕರೆಯವರೆಲ್ಲ ಜಗಲಿಯಲ್ಲಿ ಕೂತಿರುತ್ತಿದ್ದರು. ನಾಯಕಿಯನ್ನು ಕಂಬಕ್ಕೆ ಕಟ್ಟಿ ಹಾಕಿದ್ದಾರೆ, ನಾಯಕ ಬೈಕ್ ಹತ್ತಿದ್ದಾನೆ, ಅಪ್ಪ ಎದ್ದರು ಅಂತಲೇ ಲೆಕ್ಕ. "ಸ್ವಲ್ಪ ಇರಲಿ ಭಾವ" ಅಂತ ಯಾರಾದರೂ ಬೇಡಿಕೊಂಡರೆ ಇನ್ನೂ ಬೇಗ ಏಳುತ್ತಿದ್ದರು. ಎಲ್ಲರೂ ಗೊಣಗುತ್ತಾ ಕೊಡೆ ಹುಡುಕುತ್ತಿದ್ದರು. ಅವನು ತಲುಪಿದನೋ ಇಲ್ಲವೋ ಅಂತ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಜಗಳ. ಒಬ್ಬರು ನಾಯಕನನ್ನು ಸಾಯಿಸಿಯೇ ಬಿಟ್ಟಿದ್ದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಈ ಕಾಲದ ಮಕ್ಕಳನ್ನು ಹೇಗೆ ಬೆಳೆಸಬೇಕು ಅಂತ ಏನೋ ಹೇಳಲಿಕ್ಕೆ ಹೊರಟಿದ್ದೆ. ಇರಲಿ.

ಕತೆ ಕೇಳಿ ಮಗಳಿಗೆ ಕನಿಕರ ಬಂತು. "ಎಲ್ಲ ಹಳೇ ಸಿನಿಮಾ ಯೂಟ್ಯೂಬಲ್ಲಿ ಉಂಟು ಅಪ್ಪ. ಹೆಸರು ಹೇಳಿ, ಕೊನೆ ಮಾತ್ರ ಹಾಕ್ತೇನೆ."

ಹೆಸರು ಯಾರಿಗೆ ಗೊತ್ತು? ಅದು ಶುರುವಾಗುವಾಗ ಕರೆಂಟ್ ಇರಲಿಲ್ಲ.