ರೆಯಾಲ್ ದೆ ಕಟೋರ್ಸೆ ಬರೀ ಬೆಳ್ಳಿ ಊರಲ್ಲ

ಲೇಖನ ಚೆನ್ನಾಗಿದೆ ಸರ್, ಆದ್ರೆ ಮೆಕ್ಸಿಕೋದ ಬೆಳ್ಳಿ ಗಣಿ ಊರು ರೆಯಾಲ್ ದೆ ಕಟೋರ್ಸೆ, ಬೆಳ್ಳಿ ಖಾಲಿಯಾಗಿ ಹಾಳುಬಿತ್ತು ಅಂತ ಒಂದೇ ಸಾಲಲ್ಲಿ ಮುಗಿಸಿದ್ದು ನಂಗೆ ಒಪ್ಪಿಗೆ ಆಗ್ಲಿಲ್ಲ. ಅದಿರು ಪೂರ್ತಿ ಮುಗಿದಿರ್ಲಿಲ್ಲ, ದೇಶ ದೇಶಗಳೆಲ್ಲ ಚಿನ್ನದ ನಾಣ್ಯದ ಕಡೆ ಹೋದ್ಮೇಲೆ ಬೆಳ್ಳಿ ರೇಟು ಕುಸೀತು, ಅದ್ರ ಹಿಂದೇನೇ 1910ರಲ್ಲಿ ಕ್ರಾಂತಿ ಶುರುವಾಗಿ ಜನ ಗುಳೇ ಹೊರಟ್ರು. 1901ರಲ್ಲಷ್ಟೇ ಬೆಟ್ಟ ಕೊರೆದು 2 ಕಿಲೋಮೀಟರಿಗೂ ಉದ್ದದ ಒಗಾರಿಯೊ ಸುರಂಗ ತೆರೆದಿದ್ರು ನೋಡಿ, ಕೆಲವೇ ವರ್ಷದಲ್ಲಿ ಈ ಗತಿ! ಸುಮಾರು 2,700 ಮೀಟರ್ ಎತ್ತರದ ಆ ಊರಿಗೆ ಇವತ್ತಿಗೂ ಅದೇ ಮುಖ್ಯ ದಾರಿ, ಒಂದೇ ಸಾಲು, ಒಂದು ಕಡೆಯ ಗಾಡಿಗಳು ಬರೋ ತನಕ ಇನ್ನೊಂದು ಕಡೆಯವ್ರು ಕಾಯ್ಬೇಕು.

ಇನ್ನೊಂದು ಮಾತು, ಹುಯಿಚೋಲ್ ಆದಿವಾಸಿಗಳ ಹೆಸರೇ ಇಲ್ವಲ್ಲ? ಪಕ್ಕದ ಸೆರ್ರೊ ಕೆಮಾಡೊ ಬೆಟ್ಟದಲ್ಲೇ ಸೂರ್ಯ ಹುಟ್ಟಿದ್ದು ಅಂತ ಅವ್ರ ನಂಬಿಕೆ, ನೂರಾರು ಕಿಲೋಮೀಟರ್ ದೂರದಿಂದ ಯಾತ್ರೆ ಬರ್ತಾರೆ, 2025ರಲ್ಲಿ ಆ ಯಾತ್ರೆಯ ದಾರಿಗೆ ಯುನೆಸ್ಕೋ ಮಾನ್ಯತೆನೂ ಸಿಕ್ತು. ಅಲ್ಲಿ ಮತ್ತೆ ಗಣಿ ತೆಗೀತೀವಿ ಅಂತ ಕಂಪನಿಗಳು ಬಂದಾಗ ಎದ್ದು ನಿಂತು ಕೋರ್ಟಿಗೆ ಹೋದವ್ರೂ ಅವ್ರೇ. ದಯವಿಟ್ಟು ಮುಂದಿನ ಭಾಗದಲ್ಲಿ ಅವ್ರ ಬಗ್ಗೆ ಬರೀರಿ.