ಅಧಿಕಾರಿ ಇದ್ದಾರೆ, ಅಧಿಕಾರ ರಜೆಯಲ್ಲಿದೆ

ನಮ್ಮ ಅಕ್ಕನ ಮಗಳು ನರ್ಸ್. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನಾಲ್ಕು ವರ್ಷ ಐಸಿಯುನಲ್ಲಿ ದುಡಿದಳು. ಆಮೇಲೆ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಎಂಬ ಕೋರ್ಸಿಗೆ, ಅಂದರೆ ಜೀವಾಪಾಯದಲ್ಲಿರುವ ರೋಗಿಗಳ ಚಿಕಿತ್ಸೆ ಕಲಿಸುವ ಕೋರ್ಸಿಗೆ ಸೇರಿದಳು. ಆ ಹೆಸರು ಪೂರ್ತಿ ಹೇಳುವಷ್ಟರಲ್ಲಿ ಒಂದು ಬಾಟಲಿ ಡ್ರಿಪ್ ಖಾಲಿಯಾಗುತ್ತದೆ. ಎರಡು ವರ್ಷದ ಸ್ನಾತಕೋತ್ತರ ಪದವಿ. ಸಿಲಬಸ್ ಬರೆದದ್ದು ದಿಲ್ಲಿಯ ಭಾರತೀಯ ನರ್ಸಿಂಗ್ ಕೌನ್ಸಿಲ್. ರೋಗಿಯ ಪರೀಕ್ಷೆ, ರಿಪೋರ್ಟ್ ಓದುವುದು, ಯಾವ ಔಷಧಿ ಎಷ್ಟು, ಯಾವಾಗ ನಿಲ್ಲಿಸಬೇಕು, ಎಲ್ಲವನ್ನೂ ಅರೆದು ಕುಡಿಸುತ್ತಾರೆ. ಪಾಠಕ್ಕಿಂತ ವಾರ್ಡಿನ ಕೆಲಸವೇ ಜಾಸ್ತಿ.

ಪಾಸಾಗಿ ಬಂದಳು. ಅಕ್ಕ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದಳು. "ಹಾಗಾದ್ರೆ ಈಗ ಡಾಕ್ಟರಾ?" ಅಂತ ಪಕ್ಕದ ಮನೆಯವರು ಕೇಳಿದರು. "ಡಾಕ್ಟರಲ್ಲ, ಆದ್ರೆ ಬರೀ ನರ್ಸೂ ಅಲ್ಲ" ಅಂದಳು ಅಕ್ಕ. ಮಧ್ಯದಲ್ಲಿರುವ ಆ ಜಾಗ ಯಾವುದು ಅಂತ ಅಕ್ಕನಿಗೆ ಗೊತ್ತಿರಲಿಲ್ಲ. ಆಸ್ಪತ್ರೆಗೂ ಗೊತ್ತಿರಲಿಲ್ಲ, ಏಕೆಂದರೆ ಅಲ್ಲಿ ಅಂಥ ಹುದ್ದೆಯೇ ಇಲ್ಲ. ಎಚ್‌ಆರ್‌ನವರು ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆನ್ನಾಗಿದೆ ಮೇಡಂ, ಲ್ಯಾಮಿನೇಷನ್ ಮಾಡಿಸಿಡಿ" ಎಂದರು. ಹಳೇ ಐಸಿಯುನಲ್ಲೇ ಹಳೇ ನೈಟ್ ಡ್ಯೂಟಿ ಕೊಟ್ಟರು.

ಹಾಗಂತ ನಮ್ಮಲ್ಲಿ ನಿಯಮಗಳಿಗೆ ಬರವಿದೆ ಅಂದುಕೊಳ್ಳಬೇಡಿ. ನರ್ಸಿಂಗ್ ಕಾಲೇಜು ತೆರೆಯುವವರು ಗೋಡೆ ಎಬ್ಬಿಸುವ ಮೊದಲೇ ಅಳತೆ ಟೇಪು ಕೊಳ್ಳಬೇಕು. ಕಟ್ಟಡ ಎಷ್ಟು ಚದರಡಿ, ಲ್ಯಾಬ್ ಎಷ್ಟು, ಲೈಬ್ರರಿ ಎಷ್ಟು, ಎಲ್ಲಕ್ಕೂ ಲೆಕ್ಕ. ಸ್ವಂತ ಆಸ್ಪತ್ರೆಯಲ್ಲಿ 100 ಹಾಸಿಗೆ ಇರಬೇಕು. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು. ಈ ಮೂವರು ಇನ್‌ಸ್ಪೆಕ್ಷನ್ ದಿನ ಮಾತ್ರ ತಪ್ಪದೇ ಸಿಗುತ್ತಾರೆ, ಊಟ ಕೊಟ್ಟು ಕರೆಸಿದರೆ ಇನ್ನೂ ಇಬ್ಬರು ಜಾಸ್ತಿ ಬರುತ್ತಾರೆ ಎಂದು ಬಲ್ಲವರು ಹೇಳುತ್ತಾರೆ. ನಾನು ಕಣ್ಣಾರೆ ನೋಡಿಲ್ಲ.

ಕಣ್ಣಾರೆ ನೋಡಲು ಹೋದವರ ಕತೆ ಮಧ್ಯಪ್ರದೇಶದಲ್ಲಿದೆ. ಅಲ್ಲಿ ನರ್ಸಿಂಗ್ ಕಾಲೇಜುಗಳು ಕಾಗದದ ಮೇಲೆ ನಡೆಯುತ್ತಿವೆ ಎಂಬ ದೂರು ಹೈಕೋರ್ಟಿಗೆ ಹೋಯಿತು. ಇನ್‌ಸ್ಪೆಕ್ಷನ್ ಮಾಡಿದವರನ್ನು ನಂಬುವ ಹಾಗಿಲ್ಲ ಅಂತ ಕೋರ್ಟು ಸಿಬಿಐಗೆ ವಹಿಸಿತು. ಸಿಬಿಐ 300ಕ್ಕೂ ಹೆಚ್ಚು ಕಾಲೇಜು ಸುತ್ತಿ 169ಕ್ಕೆ ‘ಸರಿಯಿದೆ’ ಅಂದಿತು. 2024ರ ಮೇ ತಿಂಗಳಲ್ಲಿ ನೋಡಿದರೆ, ಕಾಲೇಜುಗಳಿಗೆ ಒಳ್ಳೇ ರಿಪೋರ್ಟ್ ಬರೆಯಲು ಲಂಚ ತೆಗೆದುಕೊಂಡ ಆರೋಪದ ಮೇಲೆ ಸಿಬಿಐ ತನ್ನದೇ ಅಧಿಕಾರಿಗಳನ್ನು ಹಿಡಿದಿತ್ತು. ಬೇಲಿ ಎದ್ದು ಹೊಲ ಮೇಯುವುದು ಹಳೇ ಗಾದೆ. ಬೇಲಿ ಮೇಯದ ಹಾಗೆ ಕಾಯಲು ಹಾಕಿದ ಬೇಲಿಗೂ ಹಸಿವಾಗುತ್ತದೆ ಅಂತ ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲ, ಪಾಪ. ಆ 169 ಕಾಲೇಜುಗಳನ್ನೂ ಮತ್ತೆ ನೋಡಿ ಅಂತ ಕೋರ್ಟು ಹೇಳಿತು. ಈ ಸಲ ವಿಡಿಯೊ ಮಾಡಿ ಅಂತಲೂ ಹೇಳಿತು.

ಇರಲಿ, ನಮ್ಮ ಹುಡುಗಿ ಓದಿದ ಕಾಲೇಜು ನಿಜವಾಗಿಯೂ ಇದೆ. ಗೋಡೆಯೂ ಇದೆ, ರೋಗಿಗಳೂ ಇದ್ದಾರೆ. ತೊಂದರೆ ಬಂದದ್ದು ಗೇಟು ದಾಟಿ ಹೊರಗೆ ಬಂದ ಮೇಲೆ. ಒಳಗೆ ಏನು ಕಲಿಸಬೇಕು ಅಂತ ಒಂದು ಇಲಾಖೆ ಬರೆದಿದೆ. ಕಲಿತದ್ದನ್ನು ಹೊರಗೆ ಮಾಡಬಹುದಾ ಅಂತ ಹೇಳುವುದು ಇನ್ನೊಂದು ಇಲಾಖೆ. ಇವೆರಡೂ ಒಂದೇ ಮನೆಯ ಓರಗಿತ್ತಿಯರು, ಮಾತು ಬಿಟ್ಟಿದ್ದಾರೆ. ಔಷಧಿಯ ಪಾಠ ಮಾಡಬಹುದು. ಔಷಧಿ ಚೀಟಿ ಬರೆಯಬೇಕಾದರೆ 1945ರ ಔಷಧ ನಿಯಮ ಅಡ್ಡ ಕೂರುತ್ತದೆ, ನೋಂದಾಯಿತ ವೈದ್ಯರೇ ಬೇಕು ಅಂತ.

ಇದಕ್ಕಿಂತ ತಮಾಷೆ ಇದೆ. ಬಿ.ಎಸ್ಸಿ. ನರ್ಸಿಂಗ್ ಆದವರು ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮಾಡಿದರೆ ‘ಸಮುದಾಯ ಆರೋಗ್ಯ ಅಧಿಕಾರಿ’ ಆಗಬಹುದು. ಹಳ್ಳಿಯ ಉಪಕೇಂದ್ರವನ್ನೇ ಕೈಗೆ ಕೊಡುತ್ತಾರೆ. ಗುತ್ತಿಗೆ ಕೆಲಸ, ಸಂಬಳದ ಕತೆ ಬೇರೆ, ಆದರೂ ಒಂದು ಕುರ್ಚಿ ಇದೆ. ಎರಡು ವರ್ಷ ಓದಿದವಳಿಗೆ ಸ್ಟೂಲೂ ಇಲ್ಲ. ಮುಂದಿನ ವರ್ಷ ನಾಲ್ಕು ವರ್ಷದ ಕೋರ್ಸ್ ತಂದರೆ ಬಹುಶಃ ಆಸ್ಪತ್ರೆಯ ಒಳಗೇ ಬಿಡುವುದಿಲ್ಲ.

ಸರ್ಕಾರ ಸುಮ್ನೆ ಕೂತಿಲ್ಲ. ಸರ್ಕಾರಿ ಸ್ಟಾಫ್ ನರ್ಸ್‌ಗಳಿಗೆ ‘ಶುಶ್ರೂಷಾಧಿಕಾರಿ’ ಅಂತ ಹೊಸ ಹೆಸರು ಇಟ್ಟಿದೆ. ಅಧಿಕಾರ ಕೊಡಲು ಕಾನೂನು ಬೇಕು, ಅಧಿಕಾರಿ ಮಾಡಲು ಬೋರ್ಡ್ ಬರೆಯುವವನು ಸಾಕು. 2023ರಲ್ಲಿ ನರ್ಸಿಂಗ್‌ಗೆ ಹೊಸ ಕಾಯ್ದೆಯೂ ಬಂತು. 1947ರ ಕಾಯ್ದೆಯ ನರ್ಸಿಂಗ್ ಕೌನ್ಸಿಲ್ ಬದಲು 29 ಜನರ ಆಯೋಗವಂತೆ. "29 ಜನ ಒಟ್ಟಿಗೆ ಕೂತು ಮಾತಾಡ್ಲಿ, ಅಲ್ಲೀವರೆಗೆ ನಂಗೆ ನೈಟ್ ಡ್ಯೂಟಿ ಇದ್ದೇ ಇದೆಯಲ್ಲ ಮಾಮಾ" ಅಂದಳು ಹುಡುಗಿ.

ಅಮೆರಿಕದ ಕೊಲರಾಡೊದಲ್ಲಿ 1965ರಲ್ಲೇ ಇಂಥ ಕೋರ್ಸ್ ಶುರುವಾಗಿತ್ತು. ಈಗ ಅಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್‌ಗಳು ತಾವೇ ರೋಗಿ ನೋಡಿ ತಾವೇ ಚೀಟಿ ಬರೆಯುತ್ತಾರೆ. ಇದನ್ನು ಅಕ್ಕನ ಎದುರು ಹೇಳಬಾರದಿತ್ತು. ಆವತ್ತಿನಿಂದ ಪಾಸ್‌ಪೋರ್ಟ್ ಹುಡುಕುತ್ತಿದ್ದಾಳೆ.

ಮೊನ್ನೆ ರಾತ್ರಿ ಎರಡೂವರೆಗೆ ಒಬ್ಬ ರೋಗಿಯ ಬಿಪಿ ದಡಕ್ಕನೆ ಬಿತ್ತಂತೆ. ಏನು ಕೊಡಬೇಕು, ಎಷ್ಟು ಕೊಡಬೇಕು ಇವಳಿಗೆ ಗೊತ್ತು. ಕೊಡುವ ಹಾಗಿಲ್ಲ. ಡ್ಯೂಟಿ ಡಾಕ್ಟರಿಗೆ ಫೋನು ಮಾಡಿದಳು. ಹೊಸ ಹುಡುಗ, ಕೆಲಸಕ್ಕೆ ಸೇರಿ ಮೂರು ವಾರ.

"ಸಿಸ್ಟರ್, ಏನು ಕೊಡೋಣ ಅಂತೀರಾ?"

ಇವಳು ಹೇಳಿದಳು.

"ಹ್ಞಾಂ, ಅದನ್ನೇ ಕೊಡಿ."

ಕೊಟ್ಟಳು. ಬಿಪಿ ಮೇಲೆ ಬಂತು. ಕೇಸ್ ಶೀಟಿನಲ್ಲಿ ‘ವೈದ್ಯರ ಫೋನ್ ಸೂಚನೆಯಂತೆ’ ಎಂದು ಬರೆದಳು. ಬೆಳಿಗ್ಗೆ ಆತ ಸಹಿ ಹಾಕಲು ಬಂದ. ಪೆನ್ನು ತೆಗೆದು, ಶೀಟು ತಿರುವಿ, ಮೆಲ್ಲಗೆ ಕೇಳಿದ: "ಸಿಸ್ಟರ್, ರಾತ್ರಿ ನಾನು ಏನು ಹೇಳಿದ್ದೆ?"